ಸ್ಟಿಕ್ಕರ್ ಟೈಲ್ಸ್ ತಯಾರಕರಿಗೆ, ಒಲೆಯ ಹಿಂದಿನ ಗೋಡೆಯ ಪರವಾಗಿ

ಮಾನ್ಯರೇ,

ತಮಗೂ, ತಮ್ಮ ಕಾರ್ಖಾನೆಯ ಸಮಸ್ತ ಸಿಬ್ಬಂದಿಗೂ, ವಿಶೇಷವಾಗಿ ಅಲ್ಲಿ ಅಂಟು ಕಲಸುವ ಮಹನೀಯರಿಗೂ ನನ್ನ ಅನಂತ ನಮಸ್ಕಾರಗಳು. ನಾನು ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸಿ ನಿವೃತ್ತನಾದವನು. ಅಂಟಿನ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಅಹಂಕಾರ ನನಗಿತ್ತು. ಅದನ್ನು ಹತ್ತೇ ದಿನದಲ್ಲಿ ಇಳಿಸಿದ್ದಕ್ಕೆ ಮೊದಲು ಕೃತಜ್ಞತೆ ಹೇಳಿ, ಆಮೇಲೆ ದೂರಿಗೆ ಬರುತ್ತೇನೆ.

ನಮ್ಮ ಮನೆಯವರು, ಅಂದರೆ ನನ್ನ ಶ್ರೀಮತಿ, ಅವರ ತಂಗಿಯ ಕಣ್ಣಿನ ಆಪರೇಷನ್ನಿಗೆ ಜೊತೆಯಾಗಲು ಹೋಗಿದ್ದರು. ಎಣ್ಣೆ ಸಿಡಿದು ಸಿಡಿದು ಬಣ್ಣಗೆಟ್ಟ ಅಡುಗೆಮನೆ ಗೋಡೆಗೆ ಒಂದು ಗತಿ ಕಾಣಿಸಿ ಎಂದು ಅವರು ವರ್ಷಗಳಿಂದ ಹೇಳುತ್ತಲೇ ಇದ್ದರು, ನಾನು ಹೂಂ ಎನ್ನುತ್ತಲೇ ಇದ್ದೆ. ಅವರು ಬರುವಷ್ಟರಲ್ಲಿ ಗೋಡೆ ಫಳಫಳ ಹೊಳೆಯಬೇಕೆಂದು, ಗಾರೆಯವರಿಲ್ಲದೆ, ಸಿಮೆಂಟಿಲ್ಲದೆ, ಹಿಂದಿನ ಕಾಗದ ಕಿತ್ತು ಅಂಟಿಸಿದರೆ ಸಾಕೆನ್ನುವ ತಮ್ಮ ಟೈಲ್ಸನ್ನು ತರಿಸಿದೆ.

ಅಂಟಿಸುವ ಮೊದಲು ಗೋಡೆಯನ್ನು ಚೆನ್ನಾಗಿ ಒರೆಸಿ ಎಂದು ತಾವು ಡಬ್ಬಿಯ ಮೇಲೆ ಅಪ್ಪಣೆ ಕೊಡಿಸಿದ್ದೀರಿ. ಎಲ್ಲ ಕಡೆ ಒರೆಸಿದೆ. ಕಿಟಕಿಯ ಪಕ್ಕದ ಮೂಲೆಯಲ್ಲಿ ಮಾತ್ರ ಗೇಣುದ್ದ ಪೆನ್ಸಿಲ್ ಬರಹವಿತ್ತು. ಬೇರೆಯವರು ಬರೆದದ್ದನ್ನು ಅಳಿಸುವುದು ನಮ್ಮ ಇಲಾಖೆಯಲ್ಲಿ ಅಪರಾಧ, ಓದುವುದು ಇನ್ನೂ ದೊಡ್ಡ ಅಪರಾಧ. ವಿಳಾಸ ಬದಲಾದರೆ ಹಳೆಯದರ ಮೇಲೆ ಹೊಸ ಚೀಟಿ ಅಂಟಿಸಿ ಮುಂದೆ ಕಳಿಸುತ್ತೇವೆ, ಅಷ್ಟೇ. ಆ ಅಭ್ಯಾಸಬಲದಿಂದ ಒರೆಸದೆ, ಓದದೆ, ಅದರ ಮೇಲೇ ತಮ್ಮ ಟೈಲನ್ನಿಟ್ಟು ಠಸ್ಸೆ ಹೊಡೆದ ಹಾಗೆ ಮುಷ್ಟಿಯಿಂದ ಗುದ್ದಿದೆ.

ಒಲೆಯ ಹಿಂದಿನ ನಾಲ್ಕು ಟೈಲ್ಸಿನ ವಿನಯವನ್ನು ಎಷ್ಟು ಹೊಗಳಿದರೂ ಸಾಲದು. ಕೊಂಚ ಬೆಚ್ಚಗಾದ ಕೂಡಲೇ ಅವು ಒಂದರ ಹಿಂದೆ ಒಂದು ಗೋಡೆಯಿಂದ ಇಳಿದು ಬಂದವು, ಅದರಲ್ಲೊಂದು ಕುದಿಯುವ ಹಾಲಿನಲ್ಲೇ ಸ್ನಾನ ಮುಗಿಸಿತು. ಮಗಳಿಗೆ ಫೋನಿನಲ್ಲಿ ಹೇಳಿದರೆ ಅವಳು ನಕ್ಕೂ ನಕ್ಕೂ ಕೆಮ್ಮು ಬರಿಸಿಕೊಂಡಳು.

ನಮ್ಮ ಮನೆಯವರು ಬಂದವರೇ ಗೋಡೆಯ ಮೇಲೆ ಕೈಯಾಡಿಸಿ, ಪರವಾಗಿಲ್ಲ ಎಂದರು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಬಿರುದು ಅದು, ನಾನು ಉಬ್ಬಿಹೋದೆ. ಆಮೇಲೆ ಅವರ ಕಣ್ಣು ಕಿಟಕಿಯ ಪಕ್ಕಕ್ಕೆ ಹೋಯಿತು.

"ಅಮ್ಮ ಹೇಳಿದ ಅಳತೆ ಎಲ್ಲಿ ರೀ?"

ನಮ್ಮ ಅತ್ತೆಯವರು ತೀರಿಕೊಳ್ಳುವ ಮುಂಚಿನ ವರ್ಷ ಫೋನಿನಲ್ಲಿ ಉಪ್ಪಿನಕಾಯಿಯ ಅಳತೆ ಹೇಳಿದ್ದರಂತೆ. ಕೈಗೆ ಕಾಗದ ಸಿಗದೆ ನಮ್ಮ ಮನೆಯವರು ಅದನ್ನು ಗೋಡೆಯ ಮೇಲೇ ಬರೆದುಕೊಂಡಿದ್ದರಂತೆ. ಗೋಡೆ ಎಲ್ಲಿಗೆ ಹೋಗುತ್ತದೆ ಎಂಬ ಧೈರ್ಯದಿಂದ ಬೇರೆಲ್ಲೂ ಇಳಿಸಿಕೊಂಡಿರಲಿಲ್ಲ. ಮಾನ್ಯರೇ, ಅವರು ಬೈದಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ. ಅವರು ಹೋಗಿ ಚೀಲ ಬಿಚ್ಚತೊಡಗಿದರು, ನಾನು ತಮ್ಮ ಡಬ್ಬಿಯನ್ನು ಹುಡುಕಿ ತಂದೆ.

ಯಾವಾಗ ಬೇಕಾದರೂ ಸುಲಭವಾಗಿ ತೆಗೆಯಬಹುದು ಎಂದು ಅದೇ ಡಬ್ಬಿಯ ಮೇಲಿದೆ. ಆದರೆ ಉಳಿದ ಟೈಲ್ಸಿಗಿಲ್ಲದ ಸ್ವಾಮಿನಿಷ್ಠೆ ಆ ಒಂದು ಟೈಲಿಗಿತ್ತು. ಉಗುರು ಸೋತಿತು, ಚಾಕು ಸೋತಿತು, ಎಳೆದರೆ ಬರುತ್ತೆ ಸಾರ್ ಎಂದ ತಮ್ಮ ಸಹಾಯವಾಣಿಯ ಹುಡುಗಿಯೂ ಕೊನೆಗೆ ಸೋತು ಫೋನಿಟ್ಟಳು. ನಾನು ಇನ್ನೊಬ್ಬರ ಲಕೋಟೆ ಬಿಚ್ಚಿದವನಲ್ಲ. ಆದರೆ ಹೇಗೆ ಬಿಚ್ಚುತ್ತಾರೆಂದು ತಿಳಿಯದ ಅಂಚೆಯವನೂ ಇಲ್ಲ. ಕೆಟಲಿನ ಹಬೆಯನ್ನು ಅಂಚಿಗೆ ಹಿಡಿದು, ಒಂದು ಗಂಟೆ ಉಸಿರು ಬಿಗಿಹಿಡಿದು ಬಿಡಿಸಿದೆ. ಟೈಲು ಬಂತು. ಗೋಡೆ ಬೋಳಾಗಿತ್ತು, ಒಂದಕ್ಷರವೂ ಇರಲಿಲ್ಲ. ನಮ್ಮ ಮನೆಯವರು ಅಲ್ಲೇ ಸ್ಟೂಲಿನ ಮೇಲೆ ಕುಸಿದರು.

ಎಸೆಯಲೆಂದು ಟೈಲನ್ನು ತಿರುಗಿಸಿದಾಗ ನೋಡುತ್ತೇನೆ, ಅಷ್ಟೂ ಬರಹ ತಮ್ಮ ಅಂಟಿನ ಮೇಲಿದೆ, ಎಡಬಲ ಅದಲುಬದಲಾಗಿ! ಓಡಿಹೋಗಿ ಗಡ್ಡ ಹೆರೆಯುವ ಕನ್ನಡಿ ತಂದು ಎದುರಿಗೆ ಹಿಡಿದೆ. ನಮ್ಮ ಮನೆಯವರು ಬೆರಳಿಟ್ಟು ಓದಿದರು, ಅತ್ತೆಯವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡಿದ್ದರು.

"ಉಪ್ಪು ಮೂರು ಹಿಡಿ. ನಿನ್ನ ಹಿಡಿ ಅಲ್ಲ, ನನ್ನ ಹಿಡಿ."

ಅವರು ತಮ್ಮ ಮುಷ್ಟಿಯನ್ನು ಬಿಚ್ಚಿ, ಮುಚ್ಚಿ ನೋಡಿಕೊಂಡು ನಕ್ಕರು, ಆಮೇಲೆ ಅತ್ತರು. ನಾನು ಎರಡಕ್ಕೂ ಜೊತೆಯಾದೆ. ಆ ಟೈಲಿಗೆ ಈಗ ಗಾಜಿನ ಚೌಕಟ್ಟು ಬಂದಿದೆ, ಅಡುಗೆಮನೆಯಲ್ಲಿ ಬೆನ್ನು ತೋರಿಸಿಕೊಂಡು ನೇತಾಡುತ್ತಿದೆ. ನನ್ನ ಕನ್ನಡಿಯೂ ಅದರ ಪಕ್ಕಕ್ಕೆ ವರ್ಗವಾಗಿರುವುದರಿಂದ ನಾನು ಅಂದಾಜಿನ ಮೇಲೆ ಗಡ್ಡ ಹೆರೆದುಕೊಳ್ಳುತ್ತಿದ್ದೇನೆ.

ಆದಕಾರಣ ಬದಲಿ ಟೈಲ್ಸ್ ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ. ಒಂದೇ ಒಂದು ವಿನಂತಿ: ಗೋಡೆ ಬಿಟ್ಟುಕೊಟ್ಟ ಮಾತನ್ನು ಹಿಡಿದಿಟ್ಟುಕೊಂಡ ಆ ಅಂಟು, ನಮ್ಮ ಅತ್ತೆಯವರ ಒಂದು ಹಿಡಿ ಎಂದರೆ ಎಷ್ಟಿತ್ತು ಎಂಬುದನ್ನೂ ಹಿಡಿದಿಟ್ಟುಕೊಂಡಿದೆಯೇ ಎಂದು ತಮ್ಮ ತಜ್ಞರಿಂದ ಪರೀಕ್ಷೆ ಮಾಡಿಸಿ ತಿಳಿಸಬೇಕು. ಈ ಸಲದ ಉಪ್ಪಿನಕಾಯಿಗೆ ಕಾಯಿ ಹೆಚ್ಚಿಟ್ಟು ಕೂತಿದ್ದೇವೆ.

ಇತಿ, ಒಲೆ ಹಚ್ಚಿದಾಗಲೂ ಜಾರಿ ಬೀಳದ,
ತಮ್ಮ ವಿಶ್ವಾಸಿ,
ನಿವೃತ್ತ ಅಂಚೆಯವನು

ಮರೆತ ಮಾತು: ಈ ಪತ್ರದ ಲಕೋಟೆಯನ್ನು ತಮ್ಮದೇ ಟೈಲಿನ ತುಂಡಿನಿಂದ ಮುಚ್ಚಿದ್ದೇನೆ. ತೆರೆಯಲಾಗದಿದ್ದರೆ ಕೆಟಲ್ ಇಡಿ. ತಾನಾಗಿಯೇ ತೆರೆದುಕೊಂಡು ಬಂದಿದ್ದರೆ, ದಾರಿಯಲ್ಲಿ ಅದಕ್ಕೆ ಸ್ವಲ್ಪ ಬಿಸಿಲು ತಾಗಿರಬೇಕು. ನಮ್ಮ ಇಲಾಖೆಯನ್ನು ಅನುಮಾನಿಸಬೇಡಿ.