ಅತ್ತೆಯ ಹೆಸರಿನ ಹಲಗೆ

ಸಿರಿಲ್ ಆಗ್ಡನ್‌ನ ಮಾನ ಹೋಗಿದ್ದು ಅಂಚೆಗೆ ಹಾಕದೆ ಉಳಿದ ಒಂದು ಅರ್ಜಿಯಿಂದ. ಸ್ಯಾಂಡ್‌ಹೋಮ್ ಎಂಬ ಕಡಲತೀರದ ಊರಿನಲ್ಲಿ ಜನ ಅಡ್ಡಾಡಲೆಂದು ಸಮುದ್ರದೊಳಕ್ಕೆ ಅರ್ಧ ಮೈಲಿ ಚಾಚಿಕೊಂಡಿರುವ ಮರದ ಪಿಯರ್ ವಿಕ್ಟೋರಿಯಾ ರಾಣಿಯ ಕಾಲದ್ದು. ಅದಕ್ಕೆ ಹೊಸ ಹಲಗೆ ಹಾಕಿಸಿಕೊಡುವವರು ತೀರಿಕೊಂಡ ತಮ್ಮವರ ಹೆಸರಿನ ಹಿತ್ತಾಳೆ ಫಲಕವನ್ನು ಆ ಹಲಗೆಯ ಮೇಲೆ ಜಡಿಸಬಹುದಿತ್ತು. ಹೆಂಡತಿ ಮೇವಿಸ್ ತನ್ನ ತಾಯಿ ಏಡಾ ಹೆಸರಿಗೆ ಅರ್ಜಿ ತುಂಬಿ, "ಇವತ್ತೇ ಪೋಸ್ಟ್ ಮಾಡಿಬಿಡು" ಎಂದು ಕೈಗಿತ್ತಳು. ನಾಳೆ ಮಾಡಿದರಾಯಿತೆಂದು ಸಿರಿಲ್ ಅದನ್ನು ಹಿತ್ತಲಿನ ಶೆಡ್ಡಿನ ಡ್ರಾಯರಿಗೆ ತುರುಕಿದ. ವಾರದ ನಂತರ ಅವಳು ಕೇಳಿದಾಗ "ಹಾಕಿದೆ" ಎಂದ. ಮುಂದಿನ ತಿಂಗಳು ಕೇಳಿದಾಗ "ಫಲಕಾನೂ ಜಡಿದಾಯ್ತಂತೆ" ಎಂದ.

ಏಡಾ ಬದುಕಿದ್ದಾಗ, ಮದುವೆಯ ಕೇಕ್ ಕತ್ತರಿಸಿದ ದಿನದಿಂದಲೂ, ಅಳಿಯನ ಬಗ್ಗೆ ಒಂದೇ ಮಾತು ಹೇಳುತ್ತಿದ್ದರು: "ಇವನು ಬಾಯಲ್ಲೇ ಸೇತುವೆ ಕಟ್ತಾನೆ ಕಣೇ, ಕೈಯಲ್ಲಿ ಒಂದು ಮೊಳೆ ಹೊಡೆಯಲ್ಲ."

ಆ ಏಡಾರ ಹುಟ್ಟುಹಬ್ಬಕ್ಕೆ ಹಲಗೆ ನೋಡಲು ಹೋಗೋಣವೆಂದು ಮೇವಿಸ್ ಅರ್ಧ ಬೀದಿಯನ್ನೇ ಹೊರಡಿಸಿಬಿಟ್ಟಳು. ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಪಕ್ಕದ ಮನೆಯ ಬೆರಿಲ್ ಸಿರಿಲ್‌ನ ಭುಜ ತಟ್ಟಿದಳು.

"ಎಂಥ ಅಳಿಯನಪ್ಪಾ ನೀನು! ನಮ್ಮ ನಾರ್ಮನ್ ನಮ್ಮಮ್ಮನ ಸಮಾಧಿಗೆ ಒಂದು ಹೂವೂ ಇಟ್ಟವನಲ್ಲ."

"ನಿಮ್ಮಮ್ಮ ಇನ್ನೂ ಬದುಕಿದ್ದಾರಲ್ಲೇ" ಎಂದ ಅವಳ ಗಂಡ ನಾರ್ಮನ್.

"ಅದಕ್ಕೇನೀಗ? ಮನಸ್ಸಿರಬೇಕು!"

ಸಿರಿಲ್ ನಗಲಿಲ್ಲ. ಬೀದಿಯವರ ಮುಂದೆ ಮಾನ ಹೋದರೂ ಹೇಗೋ ಸಹಿಸಿಕೊಳ್ಳಬಹುದು. ಆದರೆ ಪಕ್ಕದಲ್ಲಿ ಮೇವಿಸ್ ಅಮ್ಮನಿಗೆಂದು ತೋಟದ ಗುಲಾಬಿಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಅದನ್ನು ನೋಡಲಾರದೆ ಅವನು ನಾಚಿಕೆಯಿಂದ ಕಿಟಕಿಯ ಕಡೆ ತಿರುಗಿ ಕುಳಿತ.

ಪಿಯರ್ ಬಾಗಿಲಲ್ಲಿ ಇಳಿದ ಕೂಡಲೇ, "ಮೊದಲು ಏನಾದ್ರೂ ತಿನ್ನೋಣ" ಎಂದು ಎಲ್ಲರನ್ನೂ ಮೀನಿನ ಅಂಗಡಿಗೆ ಎಳೆದ. ಹೊಟ್ಟೆ ತುಂಬಿದರೆ ಯಾರೂ ಅಷ್ಟು ದೂರ ನಡೆಯಲಾರರು ಎಂಬುದು ಅವನ ಲೆಕ್ಕಾಚಾರ. ಆದರೆ ಒಂದು ಕಡಲಹಕ್ಕಿ ಬಂದು ಅವನ ಕೈಯಲ್ಲಿದ್ದ ಕರಿದ ಮೀನನ್ನೇ ಹೊತ್ತೊಯ್ದಿತು. ತಿಂದವರೆಲ್ಲ ಹುರುಪಿನಿಂದ ಎದ್ದರು. ಉಪವಾಸ ಉಳಿದವನು ಅವನೊಬ್ಬನೇ.

ನಾರ್ಮನ್ ಭೂತಗನ್ನಡಿ ತಂದಿದ್ದ. ಹಲಗೆಯಿಂದ ಹಲಗೆಗೆ ಬಗ್ಗಿ ಪ್ರತಿ ಫಲಕವನ್ನೂ ಗಟ್ಟಿಯಾಗಿ ಓದುತ್ತಾ ನಡೆದ. ಓದಿದ ಒಂದೊಂದು ಹೆಸರಿಗೂ ಸಿರಿಲ್‌ನ ಎದೆ ಧಸಕ್ ಎನ್ನುತ್ತಿತ್ತು. ಕೊನೆಗೆ ತಡೆಯಲಾರದೆ, ಮಡಚುವ ಕುರ್ಚಿಯಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ ಒಬ್ಬ ದಢೂತಿ ಮನುಷ್ಯನನ್ನು ತೋರಿಸಿದ.

"ಅವರ ಕುರ್ಚಿ ಕೆಳಗಿದೆ. ಪಾಪ, ಎಬ್ಬಿಸೋದು ಬೇಡ."

ಆ ಪುಣ್ಯಾತ್ಮನಿಗೆ ತಕ್ಷಣ ಎಚ್ಚರವಾಯಿತು. "ಅಯ್ಯೋ, ನೋಡಿ, ನೋಡಿ" ಎಂದು ಕುರ್ಚಿ ಸರಿಸಿಯೇಬಿಟ್ಟ. ನಾರ್ಮನ್ ಓದಿದ: "'ನಮ್ಮ ಪ್ರೀತಿಯ ಬಸ್ಟರ್ ನೆನಪಿಗೆ. ಅಂಚೆಯವರನ್ನು ಬಿಟ್ಟು ಯಾರನ್ನೂ ಕಚ್ಚಲಿಲ್ಲ.'"

"ಇದು ನಾಯಿದು!" ಎಂದಳು ಬೆರಿಲ್. "ಅತ್ತೆ ಯಾವುದು, ನಾಯಿ ಯಾವುದು ಗೊತ್ತಾಗಲ್ವೇನಪ್ಪಾ ನಿನಗೆ?"

ಸಿರಿಲ್‌ನ ಮುಖ ಕೆಂಪಗಾಯಿತು. ಸಾಕಿನ್ನು ಈ ನಾಟಕ, ಹೇಳಿಬಿಡೋಣವೆಂದುಕೊಂಡ. "ಮೇವಿಸ್, ನಿನಗೊಂದು ವಿಷಯ ಹೇಳ್ಬೇಕಿತ್ತು..."

"ಪಿಯರ್ ತುದಿಗೆ ಹೋದ್ಮೇಲೆ ಹೇಳು" ಎಂದು ಅವಳು ಸರಸರನೆ ಮುಂದೆ ನಡೆದಳು.

ತುದಿಯಲ್ಲಿ, ಕಂಬಿಯ ಪಕ್ಕ, ಒಂದು ಹೊಸ ಫಲಕ ಫಳಫಳ ಹೊಳೆಯುತ್ತಿತ್ತು. ನಾರ್ಮನ್ ಮೊಣಕಾಲೂರಿದ. "'ಏಡಾ ಕ್ರಾಬ್‌ಟ್ರೀ ನೆನಪಿಗೆ. ಅಮ್ಮಾ, ನೀನು ಹೇಳಿದ್ದೇ ನಿಜ.'"

ಸಿರಿಲ್ ಬೆಪ್ಪಾಗಿ ನಿಂತ. ದೇವರೇ ಬಂದು ಜಡಿದನೋ ಏನೋ! ಬೆರಿಲ್ ಕಣ್ಣೊರೆಸಿಕೊಂಡಳು. "ಎಷ್ಟು ಚೆನ್ನಾಗಿ ಬರೆಸಿದ್ದೀಯೋ!"

"ಏನೋ, ಮನಸ್ಸಿಗೆ ಬಂದಿದ್ದು ಬರೆಸಿದೆ" ಎಂದುಬಿಟ್ಟ ಸಿರಿಲ್. ಅನ್ನುವಷ್ಟರಲ್ಲಿ ಮೇವಿಸ್‌ಳ ಮುಖ ಕಂಡಿತು. ಅವಳು ಗುಲಾಬಿಗಳನ್ನು ಫಲಕದ ಪಕ್ಕದಲ್ಲಿಟ್ಟು ಅವನ ಕಿವಿಯ ಹತ್ತಿರ ಬಂದಳು.

"ಶೆಡ್ಡಿನ ಡ್ರಾಯರಲ್ಲಿ ಅರ್ಜಿ ಸಿಕ್ತು, ಸಿರಿಲ್. ನಾನೇ ಪೋಸ್ಟ್ ಮಾಡ್ದೆ. ಕೊನೇ ಸಾಲು ಮಾತ್ರ ಹೊಸದಾಗಿ ಸೇರಿಸ್ದೆ."

ಈ ಹಲಗೆ ಸೀಳಿ ತಾನು ಸಮುದ್ರಕ್ಕೆ ಬಿದ್ದುಹೋಗಬಾರದೇ ಅನ್ನಿಸಿತು ಸಿರಿಲ್‌ಗೆ.

"ಅಂದಹಾಗೆ, ಅಮ್ಮ ಹೇಳಿದ್ದೇನು?" ಎಂದು ಬೆರಿಲ್ ಕೇಳಿದಳು.

"ಅವನನ್ನೇ ಕೇಳು" ಎಂದಳು ಮೇವಿಸ್.

ಸಿರಿಲ್ ತಲೆ ತಗ್ಗಿಸಿ ನಿಜ ಹೇಳಿದ. "ನಾನು ಬಾಯಲ್ಲೇ ಸೇತುವೆ ಕಟ್ತೀನಿ, ಕೈಯಲ್ಲಿ ಒಂದು ಮೊಳೆ ಹೊಡೆಯಲ್ಲ ಅಂತಿದ್ರು."

ಎಲ್ಲರೂ ಗೊಳ್ಳೆಂದು ನಕ್ಕರು. "ನೋಡ್ರೀ ಇವನ ವಿನಯ!" ಎಂದು ಬೆರಿಲ್ ಅವನ ಬೆನ್ನು ತಟ್ಟಿದಳು.

ಮೇವಿಸ್ ಕೈಚೀಲದಿಂದ ಒಂದು ಸುತ್ತಿಗೆಯನ್ನೂ ಒಂದು ಪುಟ್ಟ ಹಿತ್ತಾಳೆ ಮೊಳೆಯನ್ನೂ ತೆಗೆದಳು. "ಒಂದು ಮೂಲೆ ಹಾಗೇ ಬಿಡಿ ಅಂತ ಪಿಯರ್‌ನವರಿಗೆ ಹೇಳಿದ್ದೆ. ಇದೊಂದು ನೀನು ಹೊಡಿ. ಆಮೇಲೆ ನಾನು ಈ ವಿಷಯ ಎತ್ತಲ್ಲ."

ಅವಳ ದನಿ ಮೆತ್ತಗಾಗಿತ್ತು. ಸಿರಿಲ್ ಮಂಡಿಯೂರಿದ. ಜನ್ಮದಲ್ಲಿ ಮೊದಲ ಸಲ ಅವನಿಗೆ ಒಂದು ಕೆಲಸವನ್ನು ನೆಟ್ಟಗೆ ಮಾಡಬೇಕೆಂಬ ಆಸೆ ಹುಟ್ಟಿತು. ಮೊಳೆಯನ್ನು ಎರಡು ಬೆರಳಲ್ಲಿ ಹಿಡಿದು, ಗುರಿಯಿಟ್ಟು, ಸುತ್ತಿಗೆ ಎತ್ತಿ ಹೊಡೆದ.

ಏಟು ಹೆಬ್ಬೆರಳಿಗೆ ಬಿತ್ತು. ಮೊಳೆ ಚಿಮ್ಮಿ, ಎರಡು ಹಲಗೆಗಳ ನಡುವಿನ ಸಂದಿಯಲ್ಲಿ ಜಾರಿ, ಕೆಳಗೆ ಸಮುದ್ರದಲ್ಲಿ ಬುಳುಕ್ ಎಂದಿತು. ಎಲ್ಲರೂ ಬಗ್ಗಿ ಆ ಸಂದಿಯೊಳಗೆ ನೋಡಿದರು.

ಬೆರಿಲ್‌ಳ ನಗು ಮೆಲ್ಲಗೆ ನಿಂತಿತು.

"ಅಂದ್ರೆ ಮೇವಿಸ್... ನಿಮ್ಮಮ್ಮ ನಿಜವಾಗ್ಲೂ ಹಾಗೇ ಹೇಳ್ತಿದ್ರಾ?"