ಮಡಿಕೇರಿಯಿಂದ ಬಂದ ಕಾಡು ಜೆರೇನಿಯಂ

ಹೂವಿನ ಗಿಡ ಸಾಕುವವರ ಮರ್ಯಾದೆ ಗಿಡದ ಕೈಯಲ್ಲಿರುತ್ತದೆ. ವಾಮದಪದವಿನಲ್ಲಿ ಮನೆಯ ಮುಂದೆಯೇ ಟೈಲರಿಂಗ್ ಅಂಗಡಿ ಇಟ್ಟುಕೊಂಡಿರುವ ನಾನು ಊರಿನವರ ಬ್ಲೌಸ್ ಎಲ್ಲ ಸರಿ ಮಾಡಿಕೊಟ್ಟಿದ್ದೇನೆ. ಆದರೆ ಒಂದು ಚಟ್ಟಿಯ ಗಿಡ ನನ್ನನ್ನು ಎಂಟು ತಿಂಗಳು ಕುಣಿಸಿತು.

ಕೊಟ್ಟವರ ಬಾಯಿ

ಗಿಡ ಕೊಟ್ಟದ್ದು ನನ್ನ ಗಂಡನ ಅಕ್ಕ, ಅಂದರೆ ಅತ್ತಿಗೆ. ಇರುವುದು ಮಡಿಕೇರಿಯಲ್ಲಿ. ಮಾರ್ಚಿನಲ್ಲಿ ಬಂದವರು ತಮ್ಮ ಅಂಗಳದಿಂದ ಒಂದು ಕಾಡು ಜೆರೇನಿಯಂ ತಂದರು. ಅಂಗೈಯಂಥ ಎಲೆ, ನಸುಗೆಂಪು ಹೂ, ನೋಡಲು ಬಹಳ ಚೆಂದ.

"ತಂದಿದ್ದೇನೆ, ಆದ್ರೆ ಬದುಕುವುದಿಲ್ಲ. ನಿನ್ನ ಕೈಯಲ್ಲಿ ಕರಿಬೇವೇ ಬದುಕಲಿಲ್ಲ. ದೀಪಾವಳಿಗೆ ಬರ್ತೇನೆ, ಆಗ ನೋಡುವ" ಎಂದರು.

ಮದುವೆಯಾದ ದಿನದಿಂದ ನನಗೆ ಹೀಗೇ ಮಾರ್ಕು ಹಾಕುತ್ತಾ ಬಂದವರು ಅವರು. ಈ ಸಲ ಫೇಲ್ ಆಗುವುದಿಲ್ಲ ಎಂದು ನಾನು ಹಟ ಹಿಡಿದೆ. ಹೇಗೆ ಸಾಕುವುದೆಂದು ಕೇಳಲು ಬಸ್ಸು ಹತ್ತಿ ಮೂಡುಬಿದಿರೆಯ ಒಂದು ನರ್ಸರಿಗೂ ಹೋದೆ. ಮೊಬೈಲಿನಲ್ಲಿ ಫೋಟೋ ತೋರಿಸಿ, "ಇದಕ್ಕೆ ಏನು ಬೇಕು?" ಎಂದೆ.

ನರ್ಸರಿಯವರು ಫೋಟೋ ದೊಡ್ಡದು ಮಾಡಿ ನೋಡಿ, "ಇದಕ್ಕೆ ಮಡಿಕೇರಿ ಬೇಕು" ಎಂದರು.

ಫ್ಯಾನಿನ ಗಾಳಿ

ಮಡಿಕೇರಿಯನ್ನು ಎಲ್ಲಿಂದ ತರುವುದು? ಚಟ್ಟಿಯನ್ನು ಅಂಗಡಿಯ ನೆರಳಿನ ಮೆಟ್ಟಿಲಿಗೆ ತಂದೆ. ಬುಡದ ಮಣ್ಣಿಗೆ ಹೊಳೆಯ ಹೊಯಿಗೆ ಸೇರಿಸಿದೆ, ಸುತ್ತ ಒದ್ದೆ ಗೋಣಿ ಸುತ್ತಿದೆ. ಏಪ್ರಿಲಿನ ಸೆಕೆಗೆ ಅದು ತಲೆ ಬಗ್ಗಿಸಿತು. ಟೇಬಲ್ ಫ್ಯಾನನ್ನು ಅದರ ಕಡೆಗೆ ತಿರುಗಿಸಿಟ್ಟೆ.

ಮಧ್ಯಾಹ್ನ ಗಂಡ ಅಡಿಕೆ ತೋಟದಿಂದ ಬೆವರು ಸುರಿಸಿಕೊಂಡು ಬಂದರು. ಫ್ಯಾನ್ ನೋಡಿದರು, ಗಿಡ ನೋಡಿದರು.

"ಇಪ್ಪತ್ತೆರಡು ವರ್ಷ ಆಯ್ತು ಮಾರಾಯ್ತಿ, ಒಂದು ದಿನವಾದರೂ ಆ ಫ್ಯಾನ್ ನನ್ನ ಕಡೆಗೆ ತಿರುಗಿಸಿದ್ದೀಯಾ?"

"ನೀವೂ ಒಂದು ಹೂ ಬಿಡಿ, ತಿರುಗಿಸ್ತೇನೆ" ಎಂದೆ.

ಅಡಿಕೆಯ ಮದ್ದು

ಮಳೆಗಾಲ ಬಂದ ಮೇಲೆ ಗಿಡ ನಿಜಕ್ಕೂ ಚಿಗುರಿತು. ನಾನು ದಿನಕ್ಕೊಂದು ಫೋಟೋ ಅತ್ತಿಗೆಗೆ ಕಳಿಸುತ್ತಿದ್ದೆ. ಅವರಿಂದ ಒಂದು ಹೆಬ್ಬೆರಳು ಬರುತ್ತಿತ್ತು, ಅಷ್ಟೇ.

ಜುಲೈಯಲ್ಲಿ ಎರಡು ಎಲೆಗಳಲ್ಲಿ ಕಪ್ಪು ಚುಕ್ಕೆ ಕಂಡಿತು. ನಾನು ಬಾಯಿ ತಪ್ಪಿ ಅದನ್ನು ಗಂಡನ ಎದುರು ಹೇಳಿದೆ. ನಮ್ಮ ಊರಿನ ಗಂಡಸರಿಗೆ ಲೋಕದಲ್ಲಿ ಇರುವುದು ಒಂದೇ ರೋಗ, ಅಡಿಕೆಯ ಕೊಳೆರೋಗ. ಮದ್ದೂ ಒಂದೇ, ಮೈಲುತುತ್ತು ಮತ್ತು ಸುಣ್ಣ ಕಲಸಿದ ನೀಲಿ ನೀರು. ಅವತ್ತು ತೋಟಕ್ಕೆ ಮದ್ದು ಬಿಡುವ ದಿನ. ನಾನು ಬಂಟ್ವಾಳಕ್ಕೆ ನೂಲು ತರಲು ಹೋಗಿದ್ದೆ. ಇವರು ಅರುವತ್ತು ಅಡಿ ಮರಕ್ಕೆ ಬಿಡುವ ಅದೇ ಪೈಪನ್ನು ನನ್ನ ಒಂದಡಿ ಗಿಡಕ್ಕೆ ಹಿಡಿದರು.

ಬಂದು ನೋಡಿದರೆ ಗಿಡ, ಚಟ್ಟಿ, ಮೆಟ್ಟಿಲು ಎಲ್ಲ ನೀಲಿ. ಅಷ್ಟರಲ್ಲಿ ಬ್ಲೌಸ್ ಹೊಲಿಸಲು ಬಂದ ಹೆಂಗಸೊಬ್ಬರು, "ನೀಲಿ ಎಲೆಯದ್ದು ಹೊಸ ಜಾತಿಯಾ? ಎಷ್ಟು ಚೆಂದ ಉಂಟು!" ಎಂದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಹದಿನೈದು ದಿನಗಳಲ್ಲಿ ಗಿಡದ ಕಥೆ ಮುಗಿಯಿತು. ಗಂಡ ಮಾತ್ರ ಎದೆಯುಬ್ಬಿಸಿ, "ನೋಡು, ಕೊಳೆರೋಗ ಬರಲೇ ಇಲ್ಲ" ಎಂದರು.

ಕಳ್ಳತನ

ಗಿಡ ಸತ್ತದ್ದನ್ನು ಮುಚ್ಚಿಟ್ಟು ಅತ್ತಿಗೆಗೆ ಹಳೆಯ ಫೋಟೋಗಳನ್ನೇ ಕಳಿಸಿ ದಿನ ದೂಡಿದೆ. ದೀಪಾವಳಿಗೆ ಇನ್ನು ಎರಡು ವಾರ. ಅತ್ತಿಗೆಗೆ ಯಾವ ಮುಖ ತೋರಿಸುವುದೆಂದು ನನಗೆ ಊಟ ಸೇರುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಟ್ಟೆ ಒಣಗಿಸುವಾಗ ಪಕ್ಕದ ಮನೆಯ ಬಾಯಮ್ಮನ ಅಂಗಳ ಕಂಡಿತು. ಅಲ್ಲಿ ನನ್ನ ಕಾಡು ಜೆರೇನಿಯಂ, ಮೈತುಂಬ ಹೂ!

"ಬಾಯಮ್ಮ, ಇದೆಲ್ಲಿಂದ?"

"ನಿಮ್ಮದೇ. ಜೂನಿನಲ್ಲಿ ಅಳತೆ ಕೊಡಲು ಬಂದಾಗ ಬುಡದಿಂದ ಒಂದು ತುಂಡು ಕದ್ದೆ" ಎಂದರು ಬಾಯಮ್ಮ, ಒಂಚೂರೂ ನಾಚಿಕೆ ಇಲ್ಲದೆ. "ಕೇಳಿದ್ರೆ ನೀವು ಕೊಡ್ತಿದ್ರಿ, ಗೊತ್ತುಂಟು. ಆದ್ರೆ ಕೇಳಿ ತಂದ ಗಿಡ ಬದುಕುವುದಿಲ್ಲವಲ್ಲ!"

ಅದು ಸತ್ಯವೇ. ನಮ್ಮ ಕಡೆ ಗಿಡ ಕದ್ದರೇ ಬೇರು ಹಿಡಿಯುವುದು. ನಾನು ನನ್ನ ಕಷ್ಟ ಹೇಳಿ, "ನನಗೊಂದು ತುಂಡು ಕೊಡಿ" ಎಂದು ಬೇಡಿಕೊಂಡೆ.

"ಕೊಟ್ರೆ ಸಾಯ್ತದೆ ಮಾರಾಯ್ತಿ! ನಾನು ಆಚೆ ತಿರುಗಿ ನಿಲ್ತೇನೆ, ನೀವು ಕದ್ದುಕೊಳ್ಳಿ."

ಅವರು ಬೆನ್ನು ಹಾಕಿ ನಿಂತರು. ನಾನು ಕೂತು ಅಗೆಯತೊಡಗಿದೆ.

"ಎಡಗಡೆಯಿಂದ ಅಗೆಯಿರಿ, ಬೇರು ತುಂಡಾದೀತು!"

"ನೀವು ನೋಡ್ತಿದ್ದೀರಾ ಬಾಯಮ್ಮ?"

"ಛೆ ಛೆ, ಕಳ್ಳತನ ಯಾರಾದರೂ ನೋಡ್ತಾರಾ?"

ಹೀಗೆ ನನ್ನದೇ ಗಿಡವನ್ನು ನಾನು ಕದ್ದು ತಂದೆ. ಹೇಳಿದಂತೆ ಅದು ಹಿಡಿಯಿತು, ಹಬ್ಬಕ್ಕೆ ಸರಿಯಾಗಿ ಎರಡು ಹೂವನ್ನೂ ಬಿಟ್ಟಿತು. ಅತ್ತಿಗೆ ಬಂದು ಗಿಡದ ಸುತ್ತ ಎರಡು ಸುತ್ತು ಹಾಕಿ, "ಪರವಾಗಿಲ್ಲ, ನಿನ್ನ ಕೈಗುಣ ಒಳ್ಳೆಯದೇ" ಎಂದರು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಪಾಸ್ ಮಾರ್ಕು! ನಾನು ಉಬ್ಬಿಹೋದೆ.

ಅಷ್ಟರಲ್ಲಿ ಕಾಂಪೌಂಡಿನಾಚೆಯಿಂದ ಬಾಯಮ್ಮ ಕೂಗಿದರು, "ಓ, ಕದ್ದದ್ದು ಸರಿಯಾಗಿ ಹಿಡಿಯಿತಾ?"

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬೇರೆ ದಾರಿಯಿಲ್ಲದೆ ಮೈಲುತುತ್ತಿನಿಂದ ಹಿಡಿದು ಎಲ್ಲವನ್ನೂ ಅತ್ತಿಗೆಯ ಎದುರು ಒಪ್ಪಿಕೊಂಡೆ. ಇನ್ನು ಸಾಯುವ ತನಕ ಇದನ್ನೇ ಹೇಳಿ ಆಡಿಕೊಳ್ಳುತ್ತಾರೆಂದು ಕಾದು ನಿಂತೆ.

ಅತ್ತಿಗೆ ಕಾಂಪೌಂಡಿನ ಕಡೆ ಒಮ್ಮೆ ನೋಡಿ, ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು, ಧ್ವನಿ ತಗ್ಗಿಸಿ ಹೇಳಿದರು:

"ಮಡಿಕೇರಿಯಲ್ಲಿ ನನ್ನದು ಮೇ ತಿಂಗಳಲ್ಲೇ ಸತ್ತಿದೆ. ನೀನು ಸ್ವಲ್ಪ ಆಚೆ ತಿರುಗು."