ಪೆಟ್ಟಿಗೆಯ ಮೇಲೆ ಏನೂ ಇಡಬಾರದು

ಟಕ್, ಟಕ್, ಟಕ್. ಬೆರಳ ಗೆಣ್ಣಿನಿಂದ ಕಟ್ಟಿಗೆ ಬಡಿಯುವ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅಣ್ಣ ತನ್ನ ಹರೆಯದಲ್ಲಿ ತಾನೇ ಕಟ್ಟಿದ ಎರಡು ಸ್ಪೀಕರ್ ಪೆಟ್ಟಿಗೆಗಳ ಮುಂದೆ ಮಂಡಿಯೂರಿ, ತಲೆ ವಾರೆ ಮಾಡಿ, ಒಂದಿಂಚೂ ಬಿಡದೆ ಬಡಿದು ನೋಡುತ್ತಿದ್ದ. ಪೆಟ್ಟಿಗೆಗೆ ಹೊದಿಸಿದ ವೆನೀರು, ಅಂದರೆ ಕಾಗದದಷ್ಟು ತೆಳುವಾಗಿ ಸೀಳಿದ ಸಾಗವಾನಿಯ ಹಾಳೆ, ಸರಿಯಾಗಿ ಅಂಟಿದ್ದರೆ ‘ಟಕ್’. ಅಡಿಯಲ್ಲಿ ಗಾಳಿ ಉಳಿದಿದ್ದರೆ ‘ಡಬ್’. “ಕಟಗಿ ಸುಳ್ಳು ಹೇಳೂದಿಲ್ಲ ಮಾಲೂ,” ಅನ್ನುತ್ತಿದ್ದ. ಕಟ್ಟಿಗೆ ಹೇಳುವುದಿಲ್ಲ, ಒಪ್ಪಿದೆ. ಆದರೆ ಸುಳ್ಳು ಹೇಳುವ ತಂಗಿಯೊಬ್ಬಳು ಅವನಿಗಿದ್ದಳು. ಇದು ಅವಳ ಕನ್ಫೆಷನ್. ನಮ್ಮ ಕಾನ್ವೆಂಟಿನಲ್ಲಿ ಆ ಸೌಲಭ್ಯ ಕ್ರಿಶ್ಚಿಯನ್ ಹುಡುಗಿಯರಿಗೆ ಮಾತ್ರವಿತ್ತು. ಅವರು ಚಾಪೆಲ್ಲಿನಿಂದ ಹಗುರಾಗಿ ಹೊರಬರುವುದನ್ನು ಕಂಡು ಅಸೂಯೆಪಟ್ಟವಳು ನಾನು. ನನ್ನ ಪಾಪಗಳೆಲ್ಲ ಹಾಗೇ ಸ್ಟಾಕ್ ಉಳಿದವು.

ಹನ್ನೆರಡು ವರ್ಷದ ಹಿಂದೆ ಅಣ್ಣ ಬೈರಿದೇವರಕೊಪ್ಪದ ಸಣ್ಣ ಫ್ಲ್ಯಾಟಿಗೆ ಹೋದ. ಅಲ್ಲಿ ಒಂದೋ ಪೆಟ್ಟಿಗೆ ಇರಬೇಕು, ಇಲ್ಲಾ ನಾನು ಇರಬೇಕು ಎಂದಳಂತೆ ಅವನ ಹೆಂಡತಿ, ನಮ್ಮ ವೈನಿ. ಅಣ್ಣ ಎರಡು ದಿನ ವಿಚಾರ ಮಾಡಿದನೆಂದು ಅವಳು ಇಂದಿಗೂ ಹೇಳುತ್ತಾಳೆ. ಕೊನೆಗೆ ಪೆಟ್ಟಿಗೆಗಳು ಟೆಂಪೋ ಏರಿ ಧಾರವಾಡದ ನನ್ನ ಮನೆಗೆ ಬಂದವು. ಅವನದು ಒಂದೇ ಕಂಡೀಷನ್: “ಇವುಗಳ ಮ್ಯಾಲೆ ಏನೂ ಇಡಬ್ಯಾಡ.” ನಾನು “ಪ್ರಾಮಿಸ್” ಅಂದೆ. ಮುಂದಿನ ವಾರವೇ ಎಡಗಡೆಯ ಪೆಟ್ಟಿಗೆಯ ಮೇಲೆ ಮನಿ ಪ್ಲ್ಯಾಂಟ್ ಇಟ್ಟೆ. ಏನು ಮಾಡಲಿ, ಆ ಎತ್ತರ, ಆ ಕಿಟಕಿ, ಆ ಬಳ್ಳಿ ಇಳಿಬೀಳುವ ಚಂದ, ಬಹಳ ಎಲಿಗಂಟ್ ಆಗಿತ್ತು. ದಿನಾ ಮುಂಜಾನೆ ತಂಬಿಗೆಯಿಂದ ನೀರು ಹಾಕಿದೆ. ಬಳ್ಳಿ ಬೆಳೆಯಿತು. ವೆನೀರು ಕಾಯಿಸಿದ ಹಾಲಿನ ಕೆನೆಯ ಹಾಗೆ ಮೇಲೆದ್ದು ಬಂತು. ಕಂಡೂ ಕಾಣದ ಹಾಗೆ ಇದ್ದುಬಿಟ್ಟೆ.

ಹೋದ ವರ್ಷ ಒಂದು ಸೋಮವಾರ ಅಣ್ಣನ ಫೋನು. ಕಿವಿ ಮಂದವಾದವರೆಲ್ಲ ಮಾತಾಡುವಂತೆ ಅವನೂ ಊರಿಗೇ ಕೇಳುವ ಹಾಗೆ ಕೂಗಿದ: “ಮಾಲೂ! ಬಲಗಿವಿ ಪೂರ್ತಿ ಹೋತು. ಎಡಗಿವೀನೂ ಹೊಂಟದ ಅಂತಾರ ಡಾಕ್ಟರು. ಅದು ಹೋಗೂದರೊಳಗ ಒಮ್ಮೆ ಆ ಪೆಟಗಿ ಕೇಳಬೇಕು. ರವಿವಾರ ಬರ್ತೀನಿ. ಛಲೋ ಅವ ಹೌದಲ್ಲ?”

“ಫಸ್ಟ್ ಕ್ಲಾಸ್ ಅವ ಅಣ್ಣಾ,” ಎಂದೆ, ಕೆನೆಗಟ್ಟಿದ ಪೆಟ್ಟಿಗೆಯನ್ನೇ ನೋಡುತ್ತ.

ಮೌನೇಶನಿಗೆ ಹೇಳಿಕಳಿಸಿದೆ. ಹೆಬ್ಬಳ್ಳಿಯ ಬಡಿಗ, ಇಲ್ಲೇ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಫರ್ನಿಚರ್ ಮಾಡುವವನು. ಮರುದಿನ ಸಂಜೆ ಬಂದು ಹಳೆಯ ಹಾಳೆ ಕಿತ್ತ. ಹೊಸ ಹಾಳೆ ಕತ್ತರಿಸಿ, ಅದಕ್ಕೂ ಪೆಟ್ಟಿಗೆಗೂ ಅಂಟು ಸವರಿದ. ಅಂಟು ಒಣಗಿದ ಮೇಲೆ ಹಾಳೆ ಇಟ್ಟು ಬಿಸಿ ಇಸ್ತ್ರಿ ಆಡಿಸಿದರೆ, ಅಂಟು ಕರಗಿ ಗಟ್ಟಿ ಹಿಡಿಯುತ್ತದೆಯಂತೆ. “ಶನಿವಾರ ಬಂದು ಇಸ್ತ್ರಿ ಹೊಡೀತೀನ್ರಿ ಬಾಯಾರ. ಅಲ್ಲೀತನಕ ಕೈ ಹಚ್ಚಬ್ಯಾಡ್ರಿ,” ಎಂದು ಹೋದ.

ಬಡಿಗರ ಶನಿವಾರ ಯಾವ ಕ್ಯಾಲೆಂಡರಿನಲ್ಲಿ ಬರುತ್ತದೋ ಯಾರಿಗೆ ಗೊತ್ತು? ಅದೂ ಅಲ್ಲದೆ, ನನ್ನ ನೀಡಲ್‌ವರ್ಕನ್ನು ಎತ್ತಿ ಹಿಡಿದು ‘ಲುಕ್ ಅಟ್ ದಿಸ್ ನೀಟ್‌ನೆಸ್’ ಎಂದು ಕಾನ್ವೆಂಟಿನ ಸಿಸ್ಟರ್ ಇಡೀ ಕ್ಲಾಸಿಗೆ ತೋರಿಸಿದ್ದರು. ಅಂಥವಳಿಗೆ ಒಂದು ಹಾಳೆಗೆ ಇಸ್ತ್ರಿ ಹಾಕಲು ಬರುವುದಿಲ್ಲವೇ? ಗುರುವಾರ ಹಾಳೆಯನ್ನು ಸರಿಯಾಗಿ ಹಾಸಿದೆ. ಇಸ್ತ್ರಿ ಕಾಯಿತು. ಅಷ್ಟರಲ್ಲಿ ನನ್ನ ಎಡಗೈ ತಾನಾಗಿಯೇ ಪಕ್ಕದ ಬಟ್ಟಲಿಗೆ ಹೋಗಿ, ನೀರನ್ನು ತೆಗೆದು ಹಾಳೆಯ ಮೇಲೆಲ್ಲ ಚಿಮುಕಿಸಿತು. ಬಟ್ಟಲನ್ನು ತಂದಿಟ್ಟವಳೂ ನಾನೇ ಇರಬೇಕು, ನೆನಪಿಲ್ಲ. ಅರವತ್ತು ವರ್ಷ ಗಂಜಿ ಹಾಕಿದ ಕಾಟನ್ ಸೀರೆಗೆ ನೀರು ಚಿಮುಕಿಸಿ ಇಸ್ತ್ರಿ ಮಾಡಿದ ಕೈ ಯಾರ ಅಪ್ಪಣೆಗೆ ಕಾಯುತ್ತದೆ? ಚುಸ್ ಎಂದಿತು. ಹಾಳೆ ನಾಲ್ಕೂ ಕಡೆಯಿಂದ ಎದ್ದು, ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಸುರುಳಿಯಾಯಿತು. ನೆಲದ ಮೇಲೆ ಕೂತು ಅತ್ತೆ. ಖರೇನೇ ಅತ್ತೆ.

ಶನಿವಾರ ಮೌನೇಶ ಬಂದೇಬಿಟ್ಟ. ಬಡಿಗರ ಬಗ್ಗೆ ನಾನು ಹೇಳಿದ್ದೆಲ್ಲ ತಪ್ಪು.

“ಬಾಯಾರ, ಇದು ಕಟಗೀರಿ, ಸೀರಿ ಅಲ್ಲ. ಗಂಜೀನೂ ಹಾಕೀರೇನ್ ಮತ್ತ?”

“ಇಲ್ಲಪ್ಪಾ.”

“ಅಷ್ಟರ ಮಟ್ಟಿಗೆ ಪೆಟಗಿ ಪುಣ್ಯಾ ಮಾಡೈತಿ.”

ಉಳಿದಿದ್ದ ಇನ್ನೊಂದು ಹಾಳೆ ತಂದು ಹೊದಿಸಿದ. ಒಂದು ಮೂಲೆಯಲ್ಲಿ ಅವನ ಕೈ ನಿಂತಿತು. “ಇಲ್ಲಿ ಒಳಗಿನ ಪ್ಲೈವುಡ್ಡ ನೀರು ಕುಡದು ಉಬ್ಬೈತ್ರಿ. ಈ ಮೂಲಿ ಎಂದೂ ಹಿಡಿಯೂದಿಲ್ಲ. ಏನಿಟ್ಟಿದ್ರಿ ಇದರ ಮ್ಯಾಲೆ?”

“ಏನೂ ಇಲ್ಲ.”

ಪಕ್ಕದ ಸ್ಟೂಲಿಗೆ ವರ್ಗವಾಗಿದ್ದ ಮನಿ ಪ್ಲ್ಯಾಂಟು ರೂಢಿಯಂತೆ ಬಳ್ಳಿ ಚಾಚಿ ಪೆಟ್ಟಿಗೆಯನ್ನು ಹಿಡಿದುಕೊಂಡೇ ಇತ್ತು. ಮೌನೇಶ ಅದನ್ನು ಸಾವಕಾಶವಾಗಿ ನೋಡಿ, “ಹೌದ್ರಿ, ಏನೂ ಇಲ್ಲ,” ಅಂದ.

ಅವನು ಹೋದ ಮೇಲೆ ಆ ಮೂಲೆಗೆ ನನ್ನ ಕೈಯಾರೆ ಹೆಣೆದ ಕ್ರೋಶಾ ಬಟ್ಟೆ ಹೊದಿಸಿದೆ. ಏನೂ ಇಡಬಾರದ ಪೆಟ್ಟಿಗೆಯ ಮೇಲೆ ಮತ್ತೊಂದನ್ನು ಇಟ್ಟಿದ್ದೇನೆಂದು ಹೊಳೆದದ್ದು ಅಣ್ಣ ಬಾಗಿಲಲ್ಲಿ ನಿಂತಾಗ.

ಅವನು ನೇರ ಒಳಗೆ ಬಂದ. ತಾನು ತಂದ ರೆಕಾರ್ಡನ್ನು ನನ್ನ ಕೈಲಿ ಪ್ಲೇಯರಿಗೆ ಹಾಕಿಸಿ, ಎಡಗಿವಿಯನ್ನು ಪೆಟ್ಟಿಗೆಗೆ ಒತ್ತಿ, ಕಣ್ಣು ಮುಚ್ಚಿ ಕೂತ. ಹಾಡಿಗೆ ಮುಂಚಿನ ತಂಬೂರಿಯನ್ನೇ ಮೂರು ಸಲ ಹಾಕಿಸಿದ. ಆಮೇಲೆ ಕಷ್ಟಪಟ್ಟು ಮಂಡಿಯೂರಿ, ಕ್ರೋಶಾ ಬಟ್ಟೆ ಎತ್ತಿ, ಬಡಿಯತೊಡಗಿದ. ಟಕ್. ಟಕ್. ಟಕ್. ಮೂಲೆಗೆ ಬಂದ. ಡಬ್.

ಹೊರಗೆ ಕಾಯುತ್ತಿದ್ದ ಆಟೋದವನಿಗೂ ಕೇಳಿಸಿರಬೇಕು. ಅಣ್ಣ ತಲೆ ವಾರೆ ಮಾಡಿ ಇನ್ನೊಮ್ಮೆ ಬಡಿದ. ಡಬ್. “ಛಲೋ ಹಿಡದದ,” ಎಂದು ನಕ್ಕ.

ನಾನು ಪಾರಾಗಿದ್ದೆ. ಹಾಗೆ ಪಾರಾದದ್ದಕ್ಕಿಂತ ಅವನು ನನ್ನನ್ನು ಬೈದಿದ್ದರೆ ಒಳ್ಳೆಯದಿತ್ತು. ಅವನು ಕ್ರೋಶಾ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮರಳಿ ಪೆಟ್ಟಿಗೆಯ ಮೇಲಿಡದೆ ತನ್ನ ಅಂಗಿಯ ಜೇಬಿಗೆ ಸೇರಿಸಿಕೊಂಡ.

ಅವನು ಆಟೋದಲ್ಲಿ ಕೂತ ಮೇಲೆ ನನಗೆ ತಡೆಯಲಾಗಲಿಲ್ಲ. “ಅಣ್ಣಾ, ಅದರ ಮ್ಯಾಲೆ ಹನ್ನೊಂದು ವರ್ಷ ಕುಂಡಿ ಇಟ್ಟಿದ್ದೆ, ಹೂವಿನ ಕುಂಡಿ!” ಎಂದೆ. ಮೂವತ್ತು ವರ್ಷ ಹುಡುಗಿಯರಿಗೆ ‘ಸ್ಪೀಕ್ ಅಪ್, ಗರ್ಲ್ಸ್’ ಎಂದು ಗದರಿಸಿದ ಟೀಚರ್ ನಾನು, ಆ ಹೊತ್ತಿಗೆ ಪಿಸುಗುಟ್ಟಿದೆ. ಅಣ್ಣ ಕಿವಿಗೆ ಕೈ ಹಚ್ಚಿ, “ಹಾಂ?” ಅಂದ. ಆಟೋ ಗುರ್ ಎಂದಿತು. ಅವನು ಕೈ ಬೀಸಿ, “ಗೊತ್ತದ, ಗೊತ್ತದ,” ಅಂದ. ಕಿವಿ ಕೇಳದವರು ಎಲ್ಲದಕ್ಕೂ ಅದನ್ನೇ ಅನ್ನುತ್ತಾರೆ. ಆಟೋ ತಿರುವಿನಲ್ಲಿ ಹೊರಳುವಾಗ ಅವನ ಜೇಬಿನಿಂದ ಹೊರಗೆ ಬಂದ ಕ್ರೋಶಾದ ಬಿಳಿ ತುದಿ ಕಂಡಿತು. ಅಣ್ಣನನ್ನು ನಾನು ನೋಡಿದ್ದು ಅದೇ ಕೊನೆ.